ಬೇಸ್ ಬೆಂಗಳೂರು, ಮನಿ ಬೆಳಗಾವಿ. ಹಿಂಗ ಓಡಾಡ್ಕೋತ ಇರೂದಾ, ಇಲ್ಲಾ ಗಂಟುಮೂಟಿ ಕಟ್ಟೂದಾ?

ಸಾಂಬ್ರಾ_ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಏರ್‌ಲೈನ್‌ದಾಗ ಕೆಲಸ ಮಾಡೋರು, ಇಲ್ಲಾ ಮನ್ಯಾಗ ಯಾರರ ಆ ಲೈನಿನ್ಯಾಗ ಇರೋರು ಇದ್ರ ಒಂದೀಟು ದಾರಿ ತೋರಿಸ್ರಿ. ನಾ ಎ320 ವಿಮಾನದ ಫಸ್ಟ್ ಆಫೀಸರ್, ಅಂದ್ರ ಕೋ-ಪೈಲಟ್, ಬೇಸ್ (ಡ್ಯೂಟಿ ಶುರು ಆಗೂ ಊರು) ಬೆಂಗಳೂರು, ಮನಿ ಬೆಳಗಾವಿ ಅನಗೋಳದಾಗ. ಈಗಿನ ತನಕ ಯಲಹಂಕದಾಗ ಇಬ್ಬರು ದೋಸ್ತರ ಜೋಡಿ ಒಂದು ಫ್ಲ್ಯಾಟ್ ಹಿಡಿದಿದ್ದೆ, ಆಫ್ ಬಂದ ಕೂಡ್ಲೆ ಊರಿಗೆ ಓಡೂದು, ಮುಗಿದ ಕೂಡ್ಲೆ ವಾಪಸ್ ಬರೂದು, ಹೆಂಗೋ ನಡದಿತ್ತು. ಈಗ ಮಾಲಕ ಫ್ಲ್ಯಾಟ್ ಮಾರಾಕ ಹಚ್ಚ್ಯಾನ, ಒಬ್ಬ ದೋಸ್ತ ದಿಲ್ಲಿ ಬೇಸ್ ತಗೊಂಡು ಹೋದ, ಇನ್ನೊಬ್ಬನ ಮದುವಿ ಆತು. ಹಿಂಗಾಗಿ ಮುಂದೂಡಿದ್ದ ಪ್ರಶ್ನೆ ಎದುರಿಗೆ ಬಂದು ನಿಂತೈತಿ.

ಮನಿ ಪರಿಸ್ಥಿತಿ ಹೇಳ್ತೇನಿ. ಹೆಂಡತಿ ಇಲ್ಲೇ ಅನುದಾನಿತ ಹೈಸ್ಕೂಲಿನ್ಯಾಗ ಟೀಚರ್, ಪರ್ಮನೆಂಟ್, ಬಿಟ್ರ ಅಂಥಾ ಕೆಲಸ ಮತ್ತ ಸಿಗೂದಿಲ್ಲ. ಮಗಳು ಎರಡ್ನೇ ಕ್ಲಾಸ್. ಅವ್ವಗ ವಾರಕ್ಕ ಎರಡು ಸಲ ಡಯಾಲಿಸಿಸ್ ಐತಿ, ಇಲ್ಲಿ ಡಾಕ್ಟರಿಂದ ಹಿಡದು ವಾರ್ಡ್ ಬಾಯ್ ತನ ಎಲ್ಲಾರೂ ಆಕಿಗೆ ಗುರ್ತು, ಬೆಂಗಳೂರು ಅಂದ್ರ "ನೀವು ಹೋಗ್ರಿ, ನನ್ನ ಇಲ್ಲೇ ಬಿಟ್ಟು ಹೋಗ್ರಿ" ಅಂತಾಳ. ಆ ಮಾತಿನ ಅರ್ಥ ಏನಂತ ನಿಮಗ್ಗೊತ್ತು.

ನನ್ನ ಪ್ಲಾನ್ ಏನಂದ್ರ ಬೆಂಗಳೂರಾಗ ಮನೀನ ಬ್ಯಾಡ, ಪೂರ್ತಿ ಬೆಳಗಾವಿಯಿಂದನ ಓಡಾಡೂದು. ಫ್ಲೈಟ್ ಐತಿ, ಸ್ಟಾಫ್ ಟಿಕೆಟ್ ಐತಿ, ರಾತ್ರಿ ರಾಣಿ ಚನ್ನಮ್ಮ ಟ್ರೇನ್ ಐತಿ, 2025ರ ಆಗಸ್ಟಿನಿಂದ ವಂದೇ ಭಾರತನೂ ಬಂತು, ಮುಂಜಾನಿ 5:20ಕ್ಕ ಬಿಟ್ರ ಮಧ್ಯಾಹ್ನ ಎರಡರ ಒಳಗ ಬೆಂಗಳೂರು. ಹೊಸಾ ಎಫ್‌ಡಿಟಿಎಲ್‌ದಾಗ (ಪೈಲಟ್‌ಗಳ ಡ್ಯೂಟಿ-ರೆಸ್ಟ್ ನಿಯಮ) ವಾರದ ರೆಸ್ಟ್ 36 ತಾಸು ಇದ್ದದ್ದು 48 ಆತು, ಅಂದ್ರ ಮನ್ಯಾಗ ಇರೂ ಟೈಮೂ ಹೆಚ್ಚಾತು ಅಂತ ನನ್ನ ಲೆಕ್ಕ. ಬಾಡಿಗಿ ಉಳೀತೈತಿ, ಅಡ್ವಾನ್ಸ್ ಉಳೀತೈತಿ, ತೀರಾ ಅಡಚಣಿ ಆದ ದಿನ ಹೋಟೆಲ್. ಬರೂ ವರ್ಷ ಕಮಾಂಡ್ ಅಪ್‌ಗ್ರೇಡ್ (ಕ್ಯಾಪ್ಟನ್ ಆಗೂದು) ಬರಬಹುದು, ಅದಕ್ಕ ಈಗ್ಲೇ ಒಂದು ಸೆಟ್ ಆಗಬೇಕು. ಯಾರರ ಹಿಂಗ ಮಾಡೀರೇನು? ಬೈಯೂದಿದ್ರ ಬೈಯ್ರಿ, ಆದ್ರ ಕಾರಣ ಹೇಳಿ ಬೈಯ್ರಿ.


ಎಟಿಆರ್_ಬಾಗಲಕೋಟಿ

ನಾ ಮಾಡಾಕತ್ತೇನ್ರಿ ಅಣ್ಣಾರ. ಬೇಸ್ ಹೈದರಾಬಾದ್, ಮನಿ ಬಾಗಲಕೋಟಿ ನವನಗರ. ನಮ್ಮೂರಿಗೆ ಏರ್‌ಪೋರ್ಟ್ ಇಲ್ಲ, ಹುಬ್ಬಳ್ಳಿಗೋ ಸಾಂಬ್ರಾಕ್ಕೋ (ಬೆಳಗಾವಿ ಏರ್‌ಪೋರ್ಟ್) ಬಂದು ಬಸ್ಸಿನ್ಯಾಗ ಮತ್ತ ಮೂರು ತಾಸು, ಅಂದ್ರ ನಿಮಗಿಂತ ಕಷ್ಟ ನಂದು. ಆಗೂದಿಲ್ಲ ಅನ್ನೋ ಮಾತಲ್ಲ, ಆಗ್ತೈತಿ. ಆದ್ರ ಸ್ಟಾಫ್ ಟಿಕೆಟ್ ಐತಿ ಅಂದ್ರಲ್ಲಾ, ಅಲ್ಲಿ ಸ್ವಲ್ಪ ನಿಲ್ರಿ.

ಸಬ್‌ಲೋಡ್ ಅಂದ್ರ ಏನಂತ ನಿಮಗ ನಾ ಹೇಳೂದು ಬ್ಯಾಡ, ಆದ್ರ ಓದೋ ಬ್ಯಾರೇದವ್ರಿಗೆ ಹೇಳ್ತೇನಿ, ರೊಕ್ಕಾ ಕೊಟ್ಟೋರೆಲ್ಲಾ ಕುಂತ ಮ್ಯಾಲೆ ಸೀಟ್ ಉಳದ್ರ ನಮಗ. ಎಟಿಆರ್ ಅಂದ್ರ ಸಣ್ಣ ವಿಮಾನ, ತುಂಬಿದ್ರ ಎಪ್ಪತ್ತೆಂಟು ಮಂದಿ, ಬೆಳಗಾವಿಯಿಂದ ದಿನಕ್ಕ ಇರೋ ಫ್ಲೈಟ್ ಎಷ್ಟು ಅಂತ ಬೆರಳಾಗ ಎಣಿಸಬಹುದು. ಗಣಪತಿ, ದೀಪಾವಳಿ ಬಿಡ್ರಿ, ಅವು ಎಲ್ಲಾ ಕಡೆ ಫುಲ್. ನಮ್ಮ ಕಡೆ ಮೂರನೇದೊಂದು ಹಬ್ಬ ಐತಿ, ಡಿಸೆಂಬರ್‌ದಾಗ ಸುವರ್ಣ ವಿಧಾನಸೌಧದ ಅಧಿವೇಶನ! ಎಮ್ಮೆಲ್ಲೆಗಳು, ಅವರ ಪಿಎಗಳು, ಸೆಕ್ರೆಟರಿಗಳು, ಪತ್ರಕರ್ತರು, ಎಲ್ಲಾರೂ ಶುಕ್ರವಾರ ಸಂಜಿ ಬೆಂಗಳೂರಿಗೆ ಹಾರ್ತಾರ, ಸೋಮವಾರ ಮುಂಜಾನಿ ವಾಪಸ್. ಆ ದಿನಗೋಳಾಗ ಚೆಕ್-ಇನ್ ಕೌಂಟರ್ ಮುಂದ ಯೂನಿಫಾರ್ಮ್ ಬ್ಯಾಗ್ ಹಿಡ್ಕೊಂಡು ನಿಂತ್ರ ಹುಡುಗಿ ನಮ್ಮ ಮಾರಿ ಸಹ ನೋಡೂದಿಲ್ಲ, ಕೈ ಮಾಡಿ "ಬಾಜೂ ನಿಲ್ರಿ ಸರ್" ಅಂತಾಳ, ಬಾಗಲಾ ಹಾಕೂ ಹೊತ್ತಿಗೆ ಲಿಸ್ಟ್ ಮಡಚಿ ಇಟ್ಟುಬಿಡ್ತಾಳ. ಜುಲೈ-ಆಗಸ್ಟ್ ಮಳಿ ಬ್ಯಾರೆ, ಮೋಡ ನೆಲಕ್ಕ ಇಳದ್ರ ಬರೂ ವಿಮಾನ ಸುತ್ತು ಹೊಡದು ವಾಪಸ್ ಹೋಗ್ತೈತಿ, ಅದು ಬರ್ಲಿಲ್ಲ ಅಂದ್ರ ನೀವು ಹೋಗಾಕ ವಿಮಾನನ ಇಲ್ಲ.

ಅದಕ್ಕ ನನ್ನ ಪದ್ಧತಿ ಹಿಂಗೈತಿ. ಊರಿಗೆ ಬರಾಕ ಸ್ಟಾಫ್ ಟಿಕೆಟ್, ಡ್ಯೂಟಿಗೆ ಹೋಗಾಕ ಕೈಯಿಂದ ರೊಕ್ಕಾ ಕೊಟ್ಟು ಕನ್ಫರ್ಮ್ ಟಿಕೆಟ್, ಅದೂ ಹಿಂದಿನ ದಿನದ್ದು. ಸಾಂಬ್ರಾ ಒಂದನ್ನ ನಂಬೂದಿಲ್ಲ, ಹುಬ್ಬಳ್ಳಿ, ಗೋವಾದ ಮೋಪಾ ಏರ್‌ಪೋರ್ಟ್ ಎಲ್ಲಾ ನೋಡಿ ಇಟ್ಕೊಳ್ಳೂದು (ಮೋಪಾ ಬಗ್ಗೆ ಒಂದು ಮಾತು, ಮಳಿಗಾಲದಾಗ ಚೋರ್ಲಾ ಘಾಟ್ ನಂಬಿ ಹೊರಟ್ರ ನಿಮ್ಮ ಹಣೆಬರಹ). ಮತ್ತ ರೂಮ್ ಬಿಟ್ಟಿಲ್ಲ. ಶಮ್ಶಾಬಾದ್ ಹತ್ರ ನಾಲ್ಕು ಮಂದಿ ಕೂಡಿ ಒಂದು ಮನಿ, ಒಂದು ಹಾಸಿಗಿ ನಂದು. ಅದನ್ನ ಬಿಟ್ಟು ಓಡಾಡೋ ಧೈರ್ಯ ನನಗಿಲ್ಲ.


ಗುಮ್ಮಟದ_ನೆರಳು

ನಾ ವಿಜಯಪುರದಾಂವ, ನಿವೃತ್ತ ಕ್ಯಾಪ್ಟನ್, ಈಗ ಹೊಲಾ ನೋಡ್ಕೋತ ಅದೀನಿ. ತಮ್ಮಾ, ನಿನ್ನ ಪ್ಲಾನ್ ಓದಿದೆ. ಕಾಗದದ ಮ್ಯಾಲ ಛಲೋ ಅದ. ಆದ್ರ ನೀ ಮನಿಗೆ ಹೋಗೂದು, ಡ್ಯೂಟಿಗೆ ಬರೂದು ಎರಡೂ ಒಂದೇ ಅಂತ ತಿಳ್ಕೊಂಡೀದಿ. ಮನಿಗೆ ಹೋಗಾಗ ಟ್ರೇನ್ ನಾಲ್ಕು ತಾಸು ಲೇಟ್ ಆದ್ರ ಏನಾತು, ರೊಟ್ಟಿ ತಣ್ಣಗಾತು. ಬರಾಗ ಲೇಟ್ ಆದ್ರ ಫ್ಲೈಟ್ ತಪ್ತದ, ಅದೂ ಹೋಗ್ಲಿ, ಸ್ಟ್ಯಾಂಡ್‌ಬೈದಾಗ (ಕರದ್ರ ಬರ್ಲಿಕ್ಕೆ ತಯಾರಾಗಿ) ಇರಾಂವ ಯಾರೋ ಬರ್ತಾನ. ಲೇಟ್ ಆಗದನ ಬಂದು ಮುಟ್ಟಿ, ಆದ್ರ ರಾತ್ರಿ ಬರ್ತ್ ಮ್ಯಾಲ ಹೊಳ್ಯಾಡಿ ಅರ್ಧಾ ನಿದ್ದ್ಯಾಗ ಸೀಟಿನ್ಯಾಗ ಕೂತಿ ಅನ್ಕೋ, ಅದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದ್ರ ಯಾರಿಗೂ ಕಾಣೂದಿಲ್ಲ. ಬಿಎ ಟೆಸ್ಟ್ ಮಷಿನ್‌ದಾಗ ಊದಿದ್ರ ಕುಡದದ್ದು ತಿಳೀತದ, ನಿದ್ದಿಗೆಟ್ಟದ್ದು ತಿಳ್ಯೂದಿಲ್ಲ.

ಕಂಪನಿ ತನ್ನ ಕೆಲಸಕ್ಕ ನಿನ್ನ ಎಲ್ಲಿಗರ ಪ್ರಯಾಣಿಕನಂಗ ಕಳಿಸಿದ್ರ (ಪೊಸಿಷನಿಂಗ್) ಅದು ಡ್ಯೂಟಿ ಲೆಕ್ಕಕ್ಕ ಬರ್ತದ. ನೀ ನಿನ್ನ ಮನಿಯಿಂದ ಬೇಸ್‌ಗೆ ಬರೂದು ಬರೂದಿಲ್ಲ. ಟ್ರೇನಿನ್ಯಾಗ ಕಳದ ಆ ರಾತ್ರಿ ರೋಸ್ಟರ್ ಪ್ರಕಾರ ನೀ "ರೆಸ್ಟ್"ದಾಗ ಇದ್ದಿ. ಇದು ನಿನ್ನ ತಲಿಮ್ಯಾಲ ಇರೂ ಭಾರ, ಕಂಪನಿ ಮ್ಯಾಲ ಅಲ್ಲ.

ಅಮೆರಿಕಾದಾಗ ಇಂಥಾ ಓಡಾಟ ಭಾಳ, ಅದಕ್ಕ ಅವರ ಕಥಿ ನೋಡಬೇಕು. 2009ರ ಫೆಬ್ರವರಿ 12, ಕೋಲ್ಗನ್ ಏರ್ 3407, ನ್ಯೂವಾರ್ಕ್‌ನಿಂದ ಬಫಲೋಕ್ಕ ಹೊಂಟಿದ್ದ ಕ್ಯೂ400, ಇಳಿಯೂಮುಂದ ಒಂದು ಮನಿ ಮ್ಯಾಲ ಬಿತ್ತು, 50 ಮಂದಿ ಹೋದ್ರು. ಆ ಫಸ್ಟ್ ಆಫೀಸರ್ ಮನಿ ಸಿಯಾಟಲ್‌ದಾಗ, ದೇಶದ ಆ ತುದಿ. ಹಿಂದಿನ ರಾತ್ರಿ ಕಾರ್ಗೋ ವಿಮಾನ ಹತ್ತಿ, ನಡುವ ಮೆಂಫಿಸ್‌ದಾಗ ಇನ್ನೊಂದು ಹತ್ತಿ ಮುಂಜಾನಿ ನ್ಯೂವಾರ್ಕ್ ಮುಟ್ಟಿದ್ಲು. ಕ್ಯಾಪ್ಟನ್ ಮನಿ ಫ್ಲೋರಿಡಾ, ಆತ ಹಿಂದಿನ ರಾತ್ರಿ ಮಲಗಿದ್ದು ಕ್ರೂ ರೂಮಿನ್ಯಾಗ. ಇಬ್ಬರಿಗೂ ಬೇಸ್‌ದಾಗ ಒಂದು ಹಾಸಿಗಿ ಅಂತ ಇರಲಿಲ್ಲ. ಇದನ್ನ ಹೇಳಿ ದಣಿವಿಂದನ ಬಿತ್ತು ಅಂತ ನಾ ಅನ್ನೂದಿಲ್ಲ, ತನಿಖೆಯವ್ರು ಕೊಟ್ಟ ಮುಖ್ಯ ಕಾರಣ ಬ್ಯಾರೆ, ಸ್ಟಿಕ್ ಶೇಕರ್ (ವೇಗ ಕಡಿಮಿ ಆಗಿ ವಿಮಾನ ಬೀಳ್ತದ ಅನ್ನೂ ಎಚ್ಚರಿಕಿ) ಬಂದಾಗ ಕ್ಯಾಪ್ಟನ್ ಮೂಗು ಕೆಳಗ ಒತ್ತೂ ಬದ್ಲಿ ಮ್ಯಾಲ ಎಳದ. ದಣಿವು ಇತ್ತು ಅಂದ್ರು, ಅದರ ಪಾಲು ಎಷ್ಟು ಅಂತ ಅಳೀಲಿಕ್ಕೆ ಆಗಲಿಲ್ಲ ಅಂದ್ರು. ಅಳೀಲಿಕ್ಕೆ ಬರೂದಿಲ್ಲ ಅನ್ನೂದ ಅದರ ಸ್ವಭಾವ. ಅದಾದ ಮ್ಯಾಲ ಆ ದೇಶದ ರೆಸ್ಟ್ ನಿಯಮಾನ ಬದಲಾಗಿ 2014ರಿಂದ ಜಾರಿ ಆದ್ವು. ಯುರೋಪಿನ ಮಾರ್ಗಸೂಚಿ ಒಳಗ ಸ್ಪಷ್ಟ ಅದ, ಮನಿಯಿಂದ ಬೇಸ್‌ಗೆ ಸಾಮಾನ್ಯವಾಗಿ 90 ನಿಮಿಷದ ಮ್ಯಾಲ ಆಗ್ತಿದ್ರ ಹತ್ರದಾಗ ತಾತ್ಪೂರ್ತಿಕ ವಸತಿ ನೋಡ್ಕೊಳ್ರಿ ಅಂತ.

ನಮ್ಮ ರಾಜ್ಯದ್ದ ಬೇಕಂದ್ರ 2010ರ ಮೇ 22, ಮಂಗಳೂರಿನ ವಿಮಾನ ದುರಂತ. ಕ್ಯಾಪ್ಟನ್ ದಾರಿಯುದ್ದಕ್ಕೂ ಬಹುಪಾಲು ಮಲಗಿದ್ದ, ಇಳಿಯೂಮುಂದ ಎದ್ದ, ನಿದ್ದಿಯ ಮಬ್ಬು ಒಂದು ಕಾರಣ ಅಂತ ವರದಿ ಒಳಗ ಬರದಾರ. ಅದು ಓಡಾಟದ ಕೇಸ್ ಅಲ್ಲ, ಆದ್ರ ನಿದ್ದಿ ಎಲ್ಲಿ ಸಾಲ ತೀರಿಸ್ಕೋತದ ಅನ್ನೂದು ನೋಡು.

ಒಂದೇ ಗೆರಿ ಹಾಕ್ಕೋ. ರಿಪೋರ್ಟಿಂಗ್‌ಕ್ಕಿಂತ ಮುಂಚಿನ ರಾತ್ರಿ ಬೇಸ್‌ದಾಗ, ನೆಲದ ಮ್ಯಾಲಿನ ಹಾಸಿಗ್ಯಾಗ ಮಲಗಬೇಕು. ಈ ಗೆರಿ ಉಳೀತದ ಅಂದ್ರ ಬೆಳಗಾವಿಯಿಂದ ಓಡಾಡು, ಯಾರೂ ಬ್ಯಾಡನ್ನೂದಿಲ್ಲ.


ಘಟಪ್ರಭಾದಾಕಿ

ನಾ ಪೈಲಟ್ ಅಲ್ಲ, ಪೈಲಟ್ ಮನಿಯಾಕಿ. ಮೂರು ವರ್ಷ ನಾನು ಗೋಕಾಕದಾಗ, ಇವ್ರು ಬೆಂಗಳೂರಾಗ. ಆಮ್ಯಾಲೆ ಎಲ್ಲಾ ಕಿತ್ಕೊಂಡು ಸಹಕಾರ ನಗರಕ್ಕ ಬಂದ್ವಿ. ಎರಡೂ ನೋಡೇನಿ, ಅದಕ್ಕ ಹೇಳ್ತೇನಿ.

ಅಣ್ಣಾ, 48 ತಾಸು ಅಂದ್ರಿ. ಅದು ಮನ್ಯಾಗ ಕಳಿಯೂ 48 ತಾಸಲ್ಲ. ಶುಕ್ರವಾರ ರಾತ್ರಿ ಹನ್ನೊಂದುವರಿಗೆ ನಿಮ್ಮ ಡ್ಯೂಟಿ ಮುಗೀತು ಅನ್ರಿ, ರೆಸ್ಟ್ ಅಲ್ಲಿಂದ ಶುರು. ಆ ಹೊತ್ತಿಗೆ ಬೆಳಗಾವಿ ಫ್ಲೈಟ್ ಇಲ್ಲ, ರಾತ್ರಿ ಟ್ರೇನೂ ಹೋಗಿರ್ತಾವು, ಮೆಜೆಸ್ಟಿಕ್ ಮುಟ್ಟಾಕ ಒಂದು ತಾಸು ಬೇಕು. ಶನಿವಾರ ಹಗಲು ಬರ್ತೀರಿ, ಮನಿ ಮುಟ್ಟೂದ್ರಾಗ ಮಧ್ಯಾಹ್ನ ಆತು, ಉಂಡು ಮಲಗ್ತೀರಿ, ಏಳೂದು ಸಂಜಿ ದೀಪಾ ಹಚ್ಚೂ ಹೊತ್ತಿಗೆ. ಆದಿತ್ಯವಾರ ಮುಂಜಾನಿ ಅವ್ವಾರ ಔಷಧ, ಬ್ಯಾಂಕಿನ ಕೆಲಸ ಇದ್ರ ಬ್ಯಾಂಕ್ ಬಂದ್, ಮಗಳ ಜೋಡಿ ಕೋಟಿ ಕೆರಿ ಮುಂದ ಒಂದು ಚಕ್ಕರ್, ಮಧ್ಯಾಹ್ನದಿಂದ ನೀವು ಪದೇ ಪದೇ ಫೋನ್ ತೆಗದು ಟಿಕೆಟ್ ನೋಡೂದು ಶುರು. ಸೋಮವಾರ ಮುಂಜಾನಿ ರಿಪೋರ್ಟಿಂಗ್ ಇದ್ರ ಆದಿತ್ಯವಾರ ಸಂಜೀನ ಹೊರಡಬೇಕು. ನಮ್ಮ ಮಗ ಅಪ್ಪನ ಚಪ್ಪಲಿ ಬಾಗಲದಾಗ ಇದ್ರ "ಇವತ್ತ ಹೋಗ್ತಾರೇನ, ನಾಳೆ ಹೋಗ್ತಾರೇನ" ಅಂತ ಕೇಳ್ತಿದ್ದ, "ಯಾವಾಗ ಬಂದ್ರು" ಅಂತ ಒಂದಿನಾನೂ ಕೇಳಲಿಲ್ಲ.

ಹಂಗಂತ ಬೇಸ್ ಹತ್ರ ಬಂದ್ರ ಎಲ್ಲಾ ಸುಖ ಅಂತ ತಿಳ್ಕೋಬ್ಯಾಡ್ರಿ. ಇಲ್ಲಿಗೆ ಬಂದ ಮ್ಯಾಲೂ ಇವ್ರು ಮೂರು ರಾತ್ರಿ ಲೇಓವರ್‌ದಾಗ (ಡ್ಯೂಟಿ ಮ್ಯಾಲೆ ಬ್ಯಾರೆ ಊರಾಗ), ನಾನು ನಾಲ್ಕನೇ ಮಹಡಿಯಾಗ ಗುರ್ತು ಪರಿಚಯ ಇಲ್ಲದ ಮಂದಿ ನಡುವ. ನಾ ಗೋಕಾಕದಾಗ ನಡಸ್ತಿದ್ದ ಟ್ಯೂಷನ್ ಬಿಟ್ಟೆ, ಇಲ್ಲಿ ಮತ್ತ ಶುರು ಮಾಡಾಕ ಎರಡು ವರ್ಷ ಹಿಡೀತು. ಆದ್ರ ಏನಾತಂದ್ರ, ಇವ್ರು ಮಧ್ಯಾಹ್ನ ಮೂರಕ್ಕ ಇಳದ್ರ ನಾಲ್ಕೂವರಿಗೆ ಮನ್ಯಾಗ ಇರ್ತಾರ, ಮಗನ್ನ ಸಾಲಿಯಿಂದ ಕರ್ಕೊಂಡು ಬರ್ತಾರ. ಮರುದಿನ ಮತ್ತ ಡ್ಯೂಟಿ ಇರ್ತೈತಿ, ಅಡ್ಡಿಯಿಲ್ಲ, ಆ ಸಂಜಿ ಒಂದು ಸಿಕ್ತಲ್ಲ. ಊರಾಗ ಇದ್ದಾಗ ಅಂಥಾ ತುಂಡು ಸಂಜಿ ಸಿಗ್ತಿರ್ಲಿಲ್ಲ, ಸಿಕ್ರ ಎರಡು ದಿನ ಒಮ್ಮೆಗೇ, ಇಲ್ಲಾ ಏನೂ ಇಲ್ಲ.

ನಿಮ್ಮ ಮನ್ಯಾಗ ಮಾತ್ರ ಲೆಕ್ಕ ಬ್ಯಾರೆ ಐತಿ. ಅವ್ವಾರ ಡಯಾಲಿಸಿಸ್, ವೈನಿ ನೌಕರಿ, ಇವೆರಡೂ ಸಾಮಾನಿನ ಲಾರಿಯಾಗ ಹಾಕ್ಕೊಂಡು ಬರಾಕ ಬರೂದಿಲ್ಲ. ನೀವು ಇಷ್ಟೆಲ್ಲಾ ಬರದೀರಿ, ವೈನಿ ಏನಂತಾರ ಅಂತ ಒಂದು ಸಾಲೂ ಇಲ್ಲಲ್ರಿ?


ಜಯನಗರ_4ನೇ_ಬ್ಲಾಕ್

ಬೇಸ್ ಹತ್ರ ಅಂದ್ರೆ ಯಾವ ಹತ್ರ ಅಂತ ಮೊದಲು ಕೇಳ್ಕೊಳ್ಳಿ ಸರ್. ನಾನು ಹುಟ್ಟಿದ್ದೇ ಬೆಂಗಳೂರಲ್ಲಿ, ಮನೆ ಜಯನಗರ, ಬೇಸೂ ಬೆಂಗಳೂರೇ. ಹಳೇ ಎಚ್‌ಎಎಲ್ ಏರ್‌ಪೋರ್ಟ್ ಇದ್ದಾಗ ನಮ್ಮ ಕಡೆಯವರಿಗೆ ಆರಾಮಿತ್ತಂತೆ, 2008ರಲ್ಲಿ ದೇವನಹಳ್ಳಿಗೆ ಹೋಯ್ತು ನೋಡಿ, ಅಲ್ಲಿಗೆ ಮುಗೀತು. ಸಾಯಂಕಾಲ ಆರಕ್ಕೆ ರಿಪೋರ್ಟಿಂಗ್ ಇದ್ರೆ ಕಂಪನಿ ಕ್ಯಾಬ್ ಮೂರೂವರೆಗೇ ಗೇಟ್ ಮುಂದೆ ಬಂದು ಹಾರ್ನ್ ಹೊಡೀತಾನೆ, ಹೆಬ್ಬಾಳ ದಾಟೋ ತನಕ ಎದೆ ಢವಢವ. ಹಾಗಾಗಿ ಬೆಂಗಳೂರಿಗೆ ಶಿಫ್ಟ್ ಆಗೋದೇ ಆದ್ರೆ ಹೆಬ್ಬಾಳದಿಂದ ಮೇಲಕ್ಕೆ ನೋಡಿ, ಯಲಹಂಕ, ಜಕ್ಕೂರು, ಸಹಕಾರ ನಗರ, ಬಾಗಲೂರು ಕ್ರಾಸ್. ಸಂಬಂಧಿಕರು ಇದ್ದಾರೆ ಅಂತ ಬನಶಂಕರಿಯಲ್ಲಿ ಮನೆ ಮಾಡಿದ್ರೆ ಬೆಳಗಾವಿ ಬಿಟ್ಟು ಬಂದಿದ್ದೂ ದಂಡ. ಇನ್ನೊಂದು, ಕಂಪನಿ ಪಿಕಪ್ ಎಲ್ಲಿಯವರೆಗೆ ಕೊಡುತ್ತೆ ಅಂತ ಮೊದಲೇ ವಿಚಾರಿಸಿ, ಆ ಗಡಿ ದಾಟಿ ಮನೆ ಮಾಡಿದ್ರೆ ಬೆಳಗಿನ ಜಾವ ಮೂರಕ್ಕೆ ನೀವೇ ಕಾರ್ ಓಡಿಸ್ಬೇಕು.


ಮೀರಜ್_ಲೈನ್

ಅಡ್ಡಬಾಯಿ ಹಾಕ್ತೇನಿ ಕ್ಷಮಿಸ್ರಿ, ಪೈಲಟ್ ಅಂತ ನೋಡಿ ನಮ್ಮವರ ಯಾರೋ ಅಂತ ಒಳಗ ಬಂದೆ 😀 ನಾ ಲೋಕೋ ಪೈಲಟ್, ಟ್ರೇನ್ ಓಡಸಾಂವ. ನಮ್ಮಲ್ಲಿ ಹೆಡ್‌ಕ್ವಾರ್ಟರ್ ಬಿಟ್ಟು ದೂರ ಇರಾಂವ ಬಾಳೂದಿಲ್ಲ, ಯಾಕಂದ್ರ ಕಾಲ್ ಯಾವಾಗ ಬರ್ತೈತೋ ಆ ದೇವ್ರಿಗೆ ಗೊತ್ತು. ಪೂರ್ತಿ ಡ್ಯೂಟಿ ಮಾಡಿ ಹೆಡ್‌ಕ್ವಾರ್ಟರಿಗೆ ಬಂದ್ರ 16 ತಾಸು ರೆಸ್ಟ್, ಅಷ್ಟ್ರಾಗ ಯಾವ ಊರಿಗೆ ಹೋಗಿ ಬರೂದು ಹೇಳ್ರಿ? ನಿಮಗರ ರೋಸ್ಟರ್ ಅಂತ ಒಂದು ಕಾಗದ ಮೊದಲ ಕೈಯಾಗ ಇರ್ತೈತಿ. ರಾತ್ರಿ ರಾಣಿ ಚನ್ನಮ್ಮ ಹತ್ತಿ ಮುಂಜಾನಿ ವಿಮಾನ ಹಾರಸ್ತೇನಿ ಅಂತೀರಲ್ಲಾ, ಗಾಡಿ ಟೈಮಿಗೆ ಹೋಗೂದು ನಮ್ಮ ಜವಾಬ್ದಾರಿ ಒಪ್ತೇನಿ, ಆದ್ರ ನಿಮ್ಮ ನಿದ್ದಿಗೆ ನಾ ಗ್ಯಾರಂಟಿ ಕೊಡೂದಿಲ್ರಪಾ.


ಸಾಂಬ್ರಾ_ಹುಡುಗ

ಎಲ್ಲಾರಿಗೂ ಥ್ಯಾಂಕ್ಸ್‌ರಿ. ಅಕ್ಕಾರ, ನಿಮ್ಮ ಪ್ರಶ್ನೆ ಮನ್ಯಾಗ ಓದಿ ತೋರಿಸಿದೆ. ಆಕಿ ಅಂದದ್ದು ಇಷ್ಟ, "ನೀವು ದಣದು ಬಂದು ಇಲ್ಲಿ ಮಲಗೂದಕ್ಕಿಂತ ಅಲ್ಲೇ ಮಲಗಿ ಎಚ್ಚರ ಇದ್ದಾಗ ಬರ್ರಿ. ನೌಕರಿ ಬಿಡೂದಿಲ್ಲ, ಅತ್ತೀನ್ನೂ ಬಿಡೂದಿಲ್ಲ." ಅಲ್ಲಿಗೆ ಶಿಫ್ಟ್ ಮಾಡೂ ಮಾತು ಸದ್ಯಕ್ಕ ಮುಗೀತು.

ಸರ್, ನಿಮ್ಮ ಗೆರಿ ಒಪ್ಪಿದೆ. ಆದ್ರ ಒಂದು ಡೌಟ್. ಮಧ್ಯಾಹ್ನ ನಾಲ್ಕಕ್ಕ ರಿಪೋರ್ಟಿಂಗ್ ಇದ್ದ ದಿನ ಮುಂಜಾನಿ ಫ್ಲೈಟ್ ಹಿಡದು ಬಂದ್ರ ಏನು ತಪ್ಪು? ರಾತ್ರಿ ಮನ್ಯಾಗ ಚೊಲೋ ನಿದ್ದಿ ಆಗಿರ್ತೈತಿ, ಅದೂ ನೆಲದ ಮ್ಯಾಲಿನ ಹಾಸಿಗೀನ 🙂 ಮತ್ತ ಸ್ಟ್ಯಾಂಡ್‌ಬೈ ದಿನ ಏನ್ ಮಾಡೂದು?


ಗುಮ್ಮಟದ_ನೆರಳು

ಸ್ಟ್ಯಾಂಡ್‌ಬೈಕ್ಕ ಚರ್ಚಾನ ಬ್ಯಾಡ. ಕರದ್ರ ಒಂದೂವರಿ-ಎರಡು ತಾಸಿನ್ಯಾಗ ಹಾಜರ್ ಆಗು ಅಂತಾರ, ಬೆಳಗಾವಿಯಾಗ ಕೂತು ಸ್ಟ್ಯಾಂಡ್‌ಬೈ ಮಾಡ್ತೀನಿ ಅಂದ್ರ ಅದು ಕರೀಲಿಕ್ಕಿಲ್ಲ ಅನ್ನೂ ಜೂಜು. ಕರದಾಗ ಇರಲಿಲ್ಲ ಅಂದ್ರ ಫೈಲಿನ್ಯಾಗ ಬೀಳ್ತದ, ಅದೂ ಕಮಾಂಡ್ ಬರೂ ವರ್ಷದಾಗ.

ಮಧ್ಯಾಹ್ನದ ರಿಪೋರ್ಟಿಂಗ್ ಕೇಳಿದಿ, ಅದು ಖರೇನ ಕಠಿಣ ಪ್ರಶ್ನೆ. ಮುಂಜಾನಿ ಫ್ಲೈಟ್ ಅಂದ್ರ ನೀ ಐದಕ್ಕ ಎದ್ದಿ ಅನ್ಕೋ. ನಾಲ್ಕಕ್ಕ ರಿಪೋರ್ಟ್, ನಾಲ್ಕು ಸೆಕ್ಟರ್ (ಹಾರಾಟ), ಕಡೀ ಲ್ಯಾಂಡಿಂಗ್ ನಡುರಾತ್ರಿ ದಾಟಿ ಒಂದಕ್ಕ. ಆ ಹೊತ್ತಿಗೆ ನೀ ಎದ್ದು ಇಪ್ಪತ್ತು ತಾಸು ಆಗಿರ್ತದ. ಕಾಗದದಾಗ ನಿನ್ನ ಡ್ಯೂಟಿ ಒಂಬತ್ತು ತಾಸು ಅಷ್ಟ. ಈಗಿನ ನಿಯಮದಾಗ ರಾತ್ರಿ ಅಂದ್ರ ಹನ್ನೆರಡರಿಂದ ಆರರ ತನ, ಮೊದಲ ಐದರ ತನ ಇತ್ತು, ಆ ಹೊತ್ತಿನ ಲ್ಯಾಂಡಿಂಗೂ ಆರರಿಂದ ಎರಡಕ್ಕ ಇಳಿಸ್ಯಾರ. 2025ರ ಡಿಸೆಂಬರ್‌ದಾಗ ಇದಕ್ಕ ಎಷ್ಟು ಗದ್ದಲ ಆತು, ಸಾವಿರಗಟ್ಟಲೆ ಫ್ಲೈಟ್ ರದ್ದಾದ್ವು, ಸರಕಾರ ಕೆಲವಕ್ಕ ತಾತ್ಪೂರ್ತಿಕ ಸಡಿಲಿಕಿ ಕೊಡಬೇಕಾತು, ಎಲ್ಲಾ ನೋಡೀದಿ. ಅಷ್ಟು ಜಗಳಾಡಿ ಪೈಲಟ್‌ಗಳು ತಗೊಂಡ ನಿದ್ದಿ ಅದು. ಅದನ್ನ ಒಯ್ದು ಸಾಂಬ್ರಾ ಕೌಂಟರ್ ಮುಂದ ಕಳೀತಿ ಅಂದ್ರ ನನಗ ಸಿಟ್ಟು ಬರ್ತದ.

ಅಂಥಾ ದಿನಾನೂ ಹಿಂದಿನ ಸಂಜೀನ ಬಾ. ಮುಂಜಾನಿ ಎಂಟರ ತನ ಮಲಗು. ಮತ್ತ ದಣಿವಾದ್ರ ಫಟೀಗ್ ರಿಪೋರ್ಟ್ ಹಾಕೂ ಹಕ್ಕು ನಿನಗದ, ಆದ್ರ ನಾಳೆ ನೀ ಕ್ಯಾಪ್ಟನ್ ಆಗಿ "ರಾತ್ರಿ ಬೆಳಗಾವಿಯಿಂದ ಬಂದೆ, ದಣದೀನಿ" ಅಂತ ಬರದ್ರ ಕೇಳೂ ಮೊದಲ ಪ್ರಶ್ನೆ ಯಾವುದಂತ ಯೋಚನೆ ಮಾಡು.


ಎಟಿಆರ್_ಬಾಗಲಕೋಟಿ

ಸರ್ ಹೇಳೂದು ಪೂರ್ತಿ ಖರೆ, ಆದ್ರ ಅದನ್ನೆಲ್ಲಾ ಪಾಲಿಸಿದ್ರ ತಿಂಗಳದಾಗ ಮನ್ಯಾಗ ಇರೂ ರಾತ್ರಿ ಕಡಿಮಿ ಆಗ್ತಾವು, ಅದನ್ನೂ ಹೇಳಬೇಕಲ್ಲಾ. ನಾ ಮಾಡೂದೇನಂದ್ರ ಒಂದೊಂದು ದಿನದ ಆಫ್‌ಗೆ ಊರಿಗೆ ಹೋಗೂದ ಬಿಟ್ಟೇನಿ. ಎರಡು ವೀಕ್ಲಿ ರೆಸ್ಟ್‌ಗಳ ನಡುವಿನ ಡ್ಯೂಟಿ ದೋಸ್ತರ ಜೋಡಿ ಸ್ವಾಪ್ ಮಾಡಿ, ಲೀವ್ ಒಂದು ಸೇರಿಸಿ, ನಾಲ್ಕು-ಐದು ದಿನ ಒಮ್ಮೆಗೇ ಹೋಗ್ತೇನಿ. ಮೊದಲ ದಿನ ಮಲಗಿ ಹೋದ್ರೂ ಮೂರು ದಿನ ಉಳೀತಾವು. ನಿಮ್ಮ ಅವ್ವಾರ ಡಯಾಲಿಸಿಸ್ ದಿನ ಫಿಕ್ಸ್ ಇರ್ತಾವಲ್ಲಾ, ಆ ದಿನ ನೋಡಿ ಸ್ವಾಪ್ ಕೇಳ್ರಿ. ಬೇಸ್ ಚೇಂಜ್‌ಗೂ ಒಂದು ಅರ್ಜಿ ಒಗದು ಇಡ್ರಿ, ಮುಂಬೈ ಆದ್ರೂ ಬೆಳಗಾವಿಗೆ ಒಂದು ತಾಸಿನ ಫ್ಲೈಟ್. ಅಪ್‌ಗ್ರೇಡ್ ಆದ ಮ್ಯಾಲೆ ಬೇಸ್ ಎಲ್ಲಿ ಒಗೀತಾರೋ ಏನೋ, ಅದಕ್ಕ ಈಗ ಬೆಂಗಳೂರಾಗ ಮನಿ ಕೊಳ್ಳೂ ವಿಚಾರ ಮಾತ್ರ ಬ್ಯಾಡ.


ಸಾಂಬ್ರಾ_ಹುಡುಗ

ಮನಿ ಕೊಳ್ಳೂದೆಲ್ಲಿ ಬಂತ್ರಿ, ಒಂದು ಹಾಸಿಗಿ ಹುಡಕಾಕತ್ತೇನಿ ಈಗ. ಇನ್ನೂ ಇಬ್ಬರು ಸಿಕ್ಕಾರ, ಒಬ್ಬ ಕಲಬುರಗಿಯಾಂವ, ಒಬ್ಬ ಮಂಗಳೂರಾಂವ, ಇಬ್ಬರದೂ ಇದ ಕಥಿ. ಅಪ್‌ಗ್ರೇಡ್ ಆಗೂ ತನಕ ಮೂರು ಮಂದಿ ಕೂಡಿ ನೋಡ್ತೇವಿ. ಸ್ಟ್ಯಾಂಡ್‌ಬೈ ಬ್ಲಾಕ್ ಎಲ್ಲಾ ಅಲ್ಲೇ, ಊರಿಗೆ ಬರೂದು ಉದ್ದ ಆಫ್ ಇದ್ದಾಗ ಮಾತ್ರ. ಅವ್ವಗ ಹೇಳಿದ್ರ "ಮದಲೂ ಹಂಗ ಇದ್ದೆಲ್ಲಾ" ಅಂದ್ಲು, ಏನ್ ಹೇಳಬೇಕು.


ಘಟಪ್ರಭಾದಾಕಿ

ನಮ್ಮ ಬಿಲ್ಡಿಂಗ್‌ದಾಗ ಮೂರನೇ ಮಹಡಿ ಎರಡು ಬೆಡ್‌ರೂಮಿನ ಮನಿ ಬರೂ ತಿಂಗಳು ಖಾಲಿ ಆಗಾಕತ್ತೈತಿ, ಮಾಲಕರು ಧಾರವಾಡದವ್ರು, ಹುಡುಗರಿಗೆ ಕೊಡೂದಿಲ್ಲ ಅಂತಾರ ಆದ್ರ ಪೈಲಟ್ ಅಂದ್ರ ಕೊಡ್ತಾರ, ಮನ್ಯಾಗ ಇರೂದ ಇಲ್ಲಲ್ಲಾ ಅಂತ. ಬೆಡ್‌ರೂಮ್ ರಸ್ತೆ ಕಡೆ ಐತಿ, ಹಗಲು ಮಲಗೋರಿಗೆ ದಪ್ಪ ಪರದೆ ಬೇಕಾಗ್ತೈತಿ, ಮೊದಲ ಹೇಳಿರ್ತೇನಿ. ಇನ್‌ಬಾಕ್ಸ್‌ಗೆ ಬರ್ರಿ, ಇವ್ರ ಕಡೆಯಿಂದ ಮಾಲಕರಿಗೆ ಹೇಳಸ್ತೇನಿ. ಮತ್ತ ಊರಿಂದ ಬರಾಗ ನನಗೊಂದು ಕಾಲು ಕೆಜಿ ಕುಂದಾ ತರ್ರಿ, ಇಲ್ಲಿ ಸಿಗೂದು ಕುಂದಾನ ಅಲ್ಲ.